ಬಾತ್ ತಿಂದವನು ಉಂಡವನಲ್ಲ

ನಮ್ಮಪ್ಪ ಮೂರು ಸಲ ಹಾಕಿಸಿಕೊಂಡು ಬಿಸಿಬೇಳೆ ಬಾತ್ ತಿಂದು, ತಟ್ಟೆಯ ಅಂಚಿಗೆ ಅಂಟಿದ್ದನ್ನೂ ಬೆರಳಲ್ಲಿ ಸವರಿ ನೆಕ್ಕಿ, ತೇಗಿ, ಕೈ ತೊಳೆದು, ಪಂಚೆಯ ತುದಿಗೆ ಒರೆಸಿಕೊಳ್ಳುತ್ತಾ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದ. ಬೀದಿಯಲ್ಲಿ ಹೋಗುವವರು 'ಊಟ ಆಯ್ತಾ ಸಾರ್?' ಎಂದು ಕೇಳಿದರೆ 'ಎಲ್ಲಿ, ಇನ್ನೂ ಆಗಿಲ್ಲ' ಅನ್ನುತ್ತಿದ್ದ. ಸುಳ್ಳು ಹೇಳುತ್ತಿದ್ದಾನೆ ಎಂದಾಗಿದ್ದರೆ ನಾನು ಎಂದೋ ಮರೆತುಬಿಡುತ್ತಿದ್ದೆ. ಬೀದಿಯಲ್ಲಿ ಸುಳ್ಳು ಹೇಳದ ಗಂಡಸನ್ನು ನಾನಿನ್ನೂ ನೋಡಿಲ್ಲ. ಅವನಿಗೆ ಅದು ಸತ್ಯವಾಗಿತ್ತು, ಅದೇ ನನಗೆ ಇವತ್ತಿಗೂ ಮೈ ಉರಿಸುವ ವಿಷಯ. ಅವನ ಲೆಕ್ಕದಲ್ಲಿ ಬಾತ್ ಎಂದರೆ ತಿಂಡಿ. ತಿಂಡಿ ತಿಂದವನು ತಿಂದವನೇ ಹೊರತು ಉಂಡವನಲ್ಲ. ಊಟ ಅಂದರೆ ಮುದ್ದೆ, ಸಾರು, ಅನ್ನ, ಮಜ್ಜಿಗೆ, ಒಂದೊಂದೂ ಬೇರೆ ಬೇರೆ ಪಾತ್ರೆಯಿಂದ ಬರಬೇಕು, ಬಡಿಸುವ ಹೆಂಗಸು ನಾಲ್ಕು ಸಲ ಬಗ್ಗಿ ಏಳಬೇಕು. ಒಂದೇ ಪಾತ್ರೆಯಿಂದ ಒಂದೇ ಸೌಟಲ್ಲಿ ಬಿದ್ದದ್ದು ಎಷ್ಟೇ ಬಿದ್ದರೂ ಊಟ ಅನ್ನಿಸಿಕೊಳ್ಳುತ್ತಿರಲಿಲ್ಲ. 'ಉಂಡ ಮನೆಗೆ ಎರಡು ಬಗೆಯಬಾರದು' ಅನ್ನುತ್ತಾರಲ್ಲ, ಪಾಪ, ಅವನು ಉಂಡೇ ಇರಲಿಲ್ಲ, ಆದ್ದರಿಂದ ಧಾರಾಳವಾಗಿ ಬಗೆದ. ತಂದೆಯನ್ನು ಹೀಗೆ ಏಕವಚನದಲ್ಲಿ ಬರೆಯುತ್ತೀಯಲ್ಲ ಅಕ್ಕ, ಓದಿದವರು ಏನಂದುಕೊಳ್ಳುತ್ತಾರೆ ಎಂದು ನನ್ನ ತಮ್ಮ ಗೊಣಗುತ್ತಾನೆ. ಬಹುವಚನ ಬೇಕಿದ್ದರೆ ಬದುಕಿದ್ದಾಗ ಸಂಪಾದಿಸಿಕೊಳ್ಳಬೇಕಿತ್ತು.

ನಾವಿದ್ದದ್ದು ವಿಜಯನಗರದಲ್ಲಿ, ಓನರ್ ಮನೆಯ ಹಿಂದಿನ ಪೋರ್ಷನ್‌ನಲ್ಲಿ. ಒಂದು ಹಾಲ್, ಒಂದು ರೂಮು, ಒಂದು ಅಡುಗೆಮನೆ. ಅಡುಗೆಮನೆಯಲ್ಲಿ ಅಮ್ಮ ನಿಂತಿದ್ದರೆ ಇನ್ನೊಬ್ಬರು ಒಳಗೆ ಹೋಗುವ ಹಾಗಿರಲಿಲ್ಲ. ಅಪ್ಪ ಅದನ್ನೇ ನೆಪ ಮಾಡಿಕೊಂಡು ಒಂದು ಲೋಟ ನೀರಿಗೂ ಹಾಲ್‌ನಿಂದಲೇ ಕೂಗುತ್ತಿದ್ದ. ಸ್ಟೌವಿನ ಎರಡು ಬರ್ನರ್‌ಗಳಲ್ಲಿ ಒಂದು ಸದಾ ಕೆಟ್ಟಿರುತ್ತಿತ್ತು. ಅಮ್ಮ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಒಂದು ಬಲ್ಬ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಮುಂದೆ ಸಾಲಾಗಿ ಉರಿಯುತ್ತಾ ಬರುವ ಬಲ್ಬುಗಳನ್ನು ನೋಡಿ ಕೆಟ್ಟದ್ದನ್ನು ಆರಿಸಿ ತೆಗೆಯುವುದು ಅವಳ ಕೆಲಸ. ದಿನವಿಡೀ ಬೆಳಕು ನೋಡಿ ನೋಡಿ ಕಣ್ಣು ಉರಿಯುತ್ತಿದ್ದುದರಿಂದ ಮನೆಗೆ ಬಂದ ಮೇಲೆ ಟ್ಯೂಬ್‌ಲೈಟ್ ಹಾಕಲು ಬಿಡುತ್ತಿರಲಿಲ್ಲ. ಒಂದು ಜೀರೋ ಬಲ್ಬಿನ ಮಂಕು ಬೆಳಕಿನಲ್ಲೇ ನಮ್ಮ ಸಂಜೆಗಳೆಲ್ಲ ಕಳೆದವು. ಬೆಳಗ್ಗೆ ಏಳಕ್ಕೆ ಬಸ್ಸು, ಸಂಜೆ ವಾಪಸ್ಸು ಬರುವ ಹೊತ್ತಿಗೆ ಆರೂವರೆ. ಅಪ್ಪ ಒಂದು ಆಫೀಸಿನಲ್ಲಿ ಗುಮಾಸ್ತ, ಹತ್ತಕ್ಕೆ ಹೋಗಿ ಐದಕ್ಕೆ ಎದ್ದು ಬರುವ ಭಾಗ್ಯವಂತ. ಬಂದವನು ಪೇಪರ್ ಹಿಡಿದು ಕೂತರೆ, ಹೆಂಡತಿ ಬಂದು ಕಾಫಿ ಕೊಡುವ ತನಕ ದೇಶದ ಸ್ಥಿತಿಗೆ ಮರುಗುತ್ತಾ ಕೂತಿರುತ್ತಿದ್ದ.

ಇಂಥ ಮನೆಯಲ್ಲಿ ಅಮ್ಮ ಕಂಡುಕೊಂಡ ದಾರಿ ಒಂದೇ, ಕುಕ್ಕರ್. ಬೆಳಗ್ಗೆ ಒಂದು ಕುಕ್ಕರ್, ಸಂಜೆ ಒಂದು ಕುಕ್ಕರ್. ಬೆಳಗಿನದರಲ್ಲೇ ತಿಂಡಿ, ಅದರಲ್ಲೇ ಎಲ್ಲರ ಮಧ್ಯಾಹ್ನದ ಡಬ್ಬಿ. ಮುದ್ದೆ ಭಾನುವಾರ ಮಾತ್ರ. ಆ ಕುಕ್ಕರಿನಲ್ಲಿ ಅವಳು ಏನೇನು ಮಾಡುತ್ತಿದ್ದಳು ಅಂತೀರಿ! ಮೆಂತ್ಯ ಸೊಪ್ಪಿನ ಬಾತ್ ಮಾಡಿದ ದಿನ ಯೂನಿಫಾರ್ಮಿಗೂ ಘಮ ಹತ್ತಿಕೊಂಡು ಸ್ಕೂಲಿಗೆ ಬರುತ್ತಿತ್ತು. ಟೊಮೇಟೊ ಬಾತಿಗೆ ಹುಳಿ ಟೊಮೇಟೊವೇ ಆಗಬೇಕು, ಹೈಬ್ರಿಡ್ ತಂದರೆ ಅಪ್ಪನ ಚೀಲದಿಂದ ತೆಗೆಯುವಾಗಲೇ ಮುಖ ಸಿಂಡರಿಸುತ್ತಿದ್ದಳು. ಚಳಿಗಾಲ ಬಂತೆಂದರೆ ಅವರೆಕಾಯಿ. ಸೊಗಡಿನ ಕಾಯಿಯನ್ನು ಹಿಂದಿನ ಸಂಜೆ ಪೇಪರ್ ಮೇಲೆ ಸುರಿದು ನಾನು, ಅಮ್ಮ, ತಮ್ಮ ಸುಲಿಯುತ್ತಿದ್ದೆವು. ಅದೇ ಪೇಪರನ್ನು ಅಪ್ಪ ಇನ್ನೂ ಓದಿ ಮುಗಿಸಿಲ್ಲ ಎಂದು ಜಗಳ ಆಗುತ್ತಿತ್ತು. ಕೊತ್ತಂಬರಿ, ಹಸಿಮೆಣಸಿನಕಾಯಿ, ಶುಂಠಿ, ಚೆಕ್ಕೆ, ಲವಂಗ, ತೆಂಗಿನಕಾಯಿ ಎಲ್ಲ ರಾತ್ರಿಯೇ ರುಬ್ಬಿ ಇಟ್ಟಿರುತ್ತಿದ್ದಳು, ಬೆಳಗಿನ ಜಾವ ಮಿಕ್ಸಿ ಹಾಕಿದರೆ ಓನರ್‌ಗೆ ಎಚ್ಚರವಾಗುತ್ತದೆ ಎಂದು. ನಾವು ಏಳುವ ಹೊತ್ತಿಗೆ ಮೊದಲ ಸೀಟಿ. ಮುಚ್ಚಳ ತೆಗೆದು ತುಪ್ಪ ಬಿಟ್ಟು ಒಂದು ಸಲ ತಿರುವಿದಾಗ ಏಳುವ ಹಬೆಗೆ ನಾನೂ ತಮ್ಮನೂ ಮುಖ ಒಡ್ಡಿ ನಿಲ್ಲುತ್ತಿದ್ದೆವು. ತಳ ಹಿಡಿದದ್ದು ನನಗೆ, ಅದರಲ್ಲಿ ರಾಜಿಯೇ ಇಲ್ಲ. ಈಗ ನನಗೆ ಅರವತ್ತಾಗುತ್ತಾ ಬಂತು, ಎಲ್ಲೆಲ್ಲೋ ಉಂಡಿದ್ದೇನೆ, ಬಾಳೆಲೆಯಲ್ಲಿ ಹದಿನೆಂಟು ಬಗೆ ಬಡಿಸಿಕೊಂಡಿದ್ದೇನೆ. ಆ ಅವರೆಕಾಳು ಬಾತಿನ ಮುಂದೆ ಎಲ್ಲ ನಿವಾಳಿಸಿ ಎಸೆಯಬೇಕು.

ಮೊನ್ನೆ ತಮ್ಮನ ಮಗಳು ನನ್ನನ್ನು ಮೆಟ್ರೊ ಸ್ಟೇಷನ್ನಿನ ಹತ್ತಿರ ಹೊಸದಾಗಿ ತೆರೆದಿರುವ ಒಂದು ಕಡೆಗೆ ಎಳೆದುಕೊಂಡು ಹೋದಳು. ಮಣ್ಣಿನ ಕುಡಿಕೆಯಲ್ಲಿ ಒಂದು ಹಿಡಿ ಬಾತ್, ಮೇಲೆ ಎರಡು ಗೋಡಂಬಿ, ಒಂದು ಎಲೆ. ತಂದಿಟ್ಟ ಹುಡುಗ ಕೈಕಟ್ಟಿ ನಿಂತು ವಿವರಿಸಿದ.

"ಆಂಟಿ, ಇದು ನಮ್ ಸ್ಪೆಷಲ್ಲು, ಒನ್ ಪಾಟ್ ಮೀಲ್. ಬೇರೇನೂ ಬೇಕಿಲ್ಲ, ಕಂಪ್ಲೀಟ್ ಊಟ ಆಂಟಿ."

"ಬಾತನ್ನ ಊಟ ಅಂತ ಯಾರಪ್ಪಾ ಹೇಳಿದ್ದು ನಿಂಗೆ?"

"ಈಗ ಎಲ್ರೂ ಹಂಗೇ ಅನ್ನೋದು ಆಂಟಿ."

ಎಲ್ಲರೂ ಹಾಗೇ ಅನ್ನುತ್ತಾರಂತೆ. ಮಣ್ಣಿನ ಕುಡಿಕೆಗೆ ಹಾಕಿ, ಇಂಗ್ಲಿಷ್ ಹೆಸರಿಟ್ಟು, ಮೀಸೆ ತಿರುವಿದ ಗಂಡಸರು ಮಾಡಿ ಕೊಟ್ಟ ಕೂಡಲೇ ಅದು ಊಟವಾಗಿಬಿಟ್ಟಿತು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಗಡಿಯಾರ ನೋಡುತ್ತಾ ಮಾಡಿದವಳ ಕೈಯಲ್ಲಿ ಅದೇ ಅಕ್ಕಿ, ಅದೇ ಬೇಳೆ ತಿಂಡಿಯಾಗಿತ್ತು. ಥೂ!

ಅಪ್ಪನ 'ಇನ್ನೂ ಆಗಿಲ್ಲ' ಮೊದಲು ಮುಟ್ಟಿದ್ದು ಓನರ್ ಆಂಟಿಗೆ. ಆಯಮ್ಮ ಬೆಳಗ್ಗೆ ಸಾಯಂಕಾಲ ಮಹಡಿಯ ಮೇಲೆ ನಿಂತು ಬೀದಿ ಕಾಯುವವಳು, ಅವಳಿಗೆ ಬೇಕಾಗಿದ್ದೂ ಅಂಥದ್ದೇ ಮಾತು.

"ಏನ್ ಸಾರ್, ಇನ್ನೂ ಊಟ ಆಗಿಲ್ವಾ? ಮನೇವ್ರು ಬಂದಾಗಿತ್ತಲ್ಲ?"

"ಊಟ ಎಲ್ಲಿ ಬಂತು ಬಿಡಿ ಮೇಡಂ. ಬೆಳಗ್ಗೆನೂ ತಿಂಡಿ, ಡಬ್ಬಿಗೂ ತಿಂಡಿ, ರಾತ್ರಿಗೂ ತಿಂಡಿ. ಏನೋ ನಮ್ಮ ಹಣೆಬರಹ."

ಸ್ವಲ್ಪ ಹೊತ್ತಿಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ಹುಳಿ ಇಳಿದು ಬರುತ್ತಿತ್ತು, ಜೊತೆಗೆ 'ಅಯ್ಯೋ ಪಾಪ' ಅನ್ನುವ ಒಂದು ಮುಖ. ಅಪ್ಪ ನಾಚಿಕೆಯಿಲ್ಲದೆ ಅದನ್ನು ಸುರಿದುಕೊಳ್ಳುತ್ತಿದ್ದ. ಕೊಟ್ಟವರ ಪಾತ್ರೆಯನ್ನು ಬರಿದು ಮಾಡಿ ಹಿಂತಿರುಗಿಸಬಾರದಲ್ಲ, ಮರುದಿನ ಅಮ್ಮ ಅದೇ ಡಬ್ಬಿಯ ತುಂಬ ಬಾತ್ ಹಾಕಿ ನನ್ನ ಕೈಯಲ್ಲಿ ಮೇಲಕ್ಕೆ ಕಳಿಸುತ್ತಿದ್ದಳು. ಓನರ್ ಆಂಟಿಯ ಮನೆಯಲ್ಲಿ ಅದಕ್ಕೆ ಕಿತ್ತಾಟವೇ ನಡೆಯುತ್ತಿತ್ತು, ಬಾಗಿಲಲ್ಲಿ ನಿಂತು ನಾನೇ ನೋಡಿದ್ದೇನೆ. ಆದರೂ ಕೆಳಗಿಳಿದು ಬಂದಾಗ ಆಯಮ್ಮ ಹೇಳುತ್ತಿದ್ದ ಮಾತು, 'ನಿಮ್ಮ ತಿಂಡಿ ಚೆನ್ನಾಗಿತ್ತು ರೀ.' ತಿಂಡಿ ಅನ್ನುವುದನ್ನು ಎಷ್ಟು ಮೆತ್ತಗೆ ಒತ್ತುತ್ತಿದ್ದಳು! ಅಮ್ಮ ನಕ್ಕು ಒಳಗೆ ಹೋಗುತ್ತಿದ್ದಳು. ನನಗೆ ಆ ನಗು ಸಹಿಸಲಾಗುತ್ತಿರಲಿಲ್ಲ. ನನ್ನ ನಾಲಗೆ ಇಷ್ಟು ಚೂಪು ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಅಮ್ಮ ನುಂಗಿದ್ದನ್ನೆಲ್ಲ ಪಕ್ಕದಲ್ಲಿ ನಿಂತು ನೋಡಿದವಳು ನಾನು, ಎಲ್ಲೋ ಒಂದು ಕಡೆ ಹೊರಗೆ ಬರಲೇಬೇಕಲ್ಲ.

ಬೀದಿಯಲ್ಲಿ ಹೇಳಿಕೊಂಡು ತಿರುಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಅಪ್ಪ ಅದನ್ನು ಉಲ್ಲಾಳಕ್ಕೂ ಹೊತ್ತುಕೊಂಡು ಹೋದ. ವಿಜಯನಗರದಾಚೆಯ ಉಲ್ಲಾಳದಲ್ಲಿ ನಮ್ಮ ದೊಡ್ಡಪ್ಪನ ಮನೆ, ಅಪ್ಪನ ತಾಯಿ, ಅಂದರೆ ನಮ್ಮ ಅಜ್ಜಿ ಇದ್ದದ್ದೂ ಅಲ್ಲೇ. ಆಗಿನ್ನೂ ಅದು ಹಳ್ಳಿಯೇ, ದೊಡ್ಡಪ್ಪನಿಗೆ ಹೊಲ, ಹಸು, ಪಂಚಾಯ್ತಿಕೆ ಎಲ್ಲ ಇತ್ತು. ನಮ್ಮವರು ತಿಮ್ಮಪ್ಪನ ಒಕ್ಕಲು, ಶನಿವಾರ ಒಪ್ಪತ್ತು. ದಿನಕ್ಕೆ ಒಂದೇ ಹೊತ್ತು ಊಟ, ಇನ್ನೊಂದು ಹೊತ್ತು ಊಟ ಮುಟ್ಟುವ ಹಾಗಿಲ್ಲ, ತಿಂಡಿ ತಿನ್ನಬಹುದು. ಅಪ್ಪ ಆ ಒಂದು ಹೊತ್ತನ್ನು ತಾಯಿಯ ಮನೆಯಲ್ಲಿ ಮುಗಿಸುತ್ತಿದ್ದ. ಶನಿವಾರ ಅರ್ಧ ದಿನದ ಆಫೀಸು ಮುಗಿಸಿ ಮಧ್ಯಾಹ್ನ ನೇರ ಉಲ್ಲಾಳಕ್ಕೆ ಹೋಗಿ, ಮುದ್ದೆಯನ್ನು ಸೊಪ್ಪಿನ ಸಾರಿಗೆ ಅದ್ದಿ ನುಂಗುತ್ತಾ, ವಾರವೆಲ್ಲ ಉಪವಾಸ ಇದ್ದವನ ಹಾಗೆ ಕಣ್ಣು ಮುಚ್ಚುತ್ತಿದ್ದ. ಅಜ್ಜಿ ಬೆನ್ನು ಸವರುತ್ತಾ 'ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಕಣ್ಲಾ ಮಗ, ಬಾತು ಗೀತು ತಿಂದು ಸೊರಗೋದೆ' ಅನ್ನುತ್ತಿದ್ದಳು. ಮುದ್ದೆಗೆ ಅವಳು ಹಿಟ್ಟು ಅನ್ನುವುದು. ಬೆಟ್ಟ ಇರಲಿ, ನಮ್ಮಪ್ಪ ಗೋಡೆಯಿಂದ ಒಂದು ಮೊಳೆ ಕಿತ್ತದ್ದನ್ನೂ ನಾನು ನೋಡಿಲ್ಲ. ರಾತ್ರಿ ಮನೆಗೆ ಬಂದರೆ ಒಪ್ಪತ್ತಿನವನಿಗೆ ಬಿಸಿಬಿಸಿ ಉಪ್ಪಿಟ್ಟಾಗಬೇಕು. ಹೀಗಾಗಿ ಮುದ್ದೆಯ ಭಾನುವಾರ ಬಿಟ್ಟರೆ ನಮ್ಮ ಮನೆಯಲ್ಲಿ ಒಂದು ಪಾತ್ರೆಯ ಬದಲು ಎರಡು ಪಾತ್ರೆ ಒಲೆ ಏರುತ್ತಿದ್ದುದು ಶನಿವಾರ ರಾತ್ರಿ ಮಾತ್ರ. ನಮಗೆ ಕುಕ್ಕರಿನಲ್ಲಿ ಬಾತ್, ಅಯ್ಯನವರಿಗೆ ಬಾಣಲೆಯಲ್ಲಿ ಉಪ್ಪಿಟ್ಟು.

ಒಂದು ಶನಿವಾರ ಅಪ್ಪ ಉಲ್ಲಾಳದಿಂದ ಬರುವಾಗ ಖುಷಿಯಲ್ಲಿದ್ದ. ಶೂ ಬಿಚ್ಚುತ್ತಾ ಅಮ್ಮನಿಗೆ ಹೇಳಿದ.

"ಅಣ್ಣ ಹಿಂದಿನ ರೂಮು ಖಾಲಿ ಮಾಡಿ ಕೊಡ್ತಾನಂತೆ. ಈ ಮನೆ ಬಿಡಣ. ನೀನು ಕಾರ್ಖಾನೆಗೆ ಹೋಗಿದ್ದು ಸಾಕು. ಅತ್ತಿಗೆ ಒಬ್ಳಿಗೇ ಅಡುಗೆ ಕಷ್ಟ ಆಗ್ತಾ ಇದೆ."

"ಮಕ್ಕಳ ಸ್ಕೂಲು?"

"ಅಲ್ಲೂ ಸ್ಕೂಲ್ ಐತೆ. ಮುಂದಿನ ವಾರ ಅಣ್ಣನೂ ಅವ್ವನೂ ಬರ್ತಾರೆ, ಮಾತಾಡ್ತಾರೆ. ಗಂಡನಿಗೆ ಒಂದ್ಹೊತ್ತು ಊಟ ಹಾಕಕ್ಕಾಗದಿರೋ ಕೆಲಸ ಯಾಕೆ ಅಂತ ಅವರೇ ಕೇಳ್ತಾರೆ."

ದೊಡ್ಡಪ್ಪನ ಮನೆಯ ಹಿಂದಿನ ರೂಮು ನನಗೆ ಗೊತ್ತಿತ್ತು, ಕಿಟಕಿ ಇಲ್ಲದ್ದು, ಹಸುವಿನ ಬೂಸಾ ಇಡುವುದು. ಆ ಮನೆಯ ಹೆಂಗಸರು ಎಲ್ಲರಿಗೂ ಬಡಿಸಿ, ಪಾತ್ರೆ ತಿಕ್ಕಿ, ಗೋಡೆಗೆ ಒರಗಿ ಕೂತು ಉಣ್ಣುವ ಹೊತ್ತಿಗೆ ಸಾರು ತಣ್ಣಗಾಗಿರುತ್ತಿತ್ತು. ಅಮ್ಮ ಬೆಳಗ್ಗೆ ಬಸ್ಸಿಗೆ ಹೊರಡುವಾಗ ಜಡೆಗೆ ಒಂದು ಹೂ ಸಿಕ್ಕಿಸಿಕೊಂಡು, ಡಬ್ಬಿಯ ಚೀಲ ಹಿಡಿದು, ನಮ್ಮತ್ತ ತಿರುಗಿ ಒಂದು ಸಲ ನಗುತ್ತಿದ್ದಳು. ಉಲ್ಲಾಳದಲ್ಲಿ ಆ ನಗು ಇರುವುದಿಲ್ಲ ಎಂದು ನನಗೆ ಆ ವಯಸ್ಸಿಗೇ ಗೊತ್ತಾಗಿತ್ತು, ಮೂವತ್ತು ದಾಟಿದ ಅಪ್ಪನಿಗೆ ಗೊತ್ತಾಗಲಿಲ್ಲ. ಗೊತ್ತಿದ್ದರೂ ಅವನಿಗೆ ಅದು ಬೇಕಿರಲಿಲ್ಲ. ಆ ವಾರವೆಲ್ಲ ಅಮ್ಮ ಅಳುತ್ತಾಳೇನೋ ಎಂದು ನಾನು ಕಾದೆ. ಅಳಲಿಲ್ಲ.

ಮುಂದಿನ ಶನಿವಾರ ಅವಳು ಕಾರ್ಖಾನೆಯಿಂದ ಬರುವಷ್ಟರಲ್ಲಿ ಅವರು ಬಂದು ಕೂತಾಗಿತ್ತು. ದೊಡ್ಡಪ್ಪ ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ, ಅಜ್ಜಿ ಗೋಡೆಗೆ ಒರಗಿ ಎಲೆಅಡಿಕೆ ಚೀಲ ಬಿಚ್ಚಿಕೊಂಡು, ಅಪ್ಪ ಇಬ್ಬರ ನಡುವೆ ಬಾಡಿದ ಮುಖ ಹೊತ್ತುಕೊಂಡು. ಆ ಮುಖವನ್ನು ಅವನು ಬಸ್ಸಿನಲ್ಲೇ ತಯಾರು ಮಾಡಿಕೊಂಡು ಬಂದಿರಬೇಕು. ದೊಡ್ಡಪ್ಪ ಸಕ್ಕರೆ ಕಾಯಿಲೆ ಬಂದ ಮೇಲೆ ಒಪ್ಪತ್ತು ಬಿಟ್ಟಿದ್ದ, ಅಜ್ಜಿ ಮಾತ್ರ ಕಟ್ಟುನಿಟ್ಟು. ಅಮ್ಮ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ ಹಾಗೆಯೇ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡ.

"ಕೂತ್ಕೊಳಮ್ಮ. ನಮ್ ಹುಡುಗ ಊಟ ಇಲ್ದೆ ಸೊರಗೋಗವ್ನೆ. ನೀನು ದುಡೀತೀಯ, ಸಂತೋಷ. ಆದ್ರೆ ಮನೆ ಅಂದ್ಮೇಲೆ..."

"ಮಾತಾಡಣ ಭಾವ. ಮೊದ್ಲು ತಿಂಡಿ ತಿನ್ನಿ, ಬಸ್ಸಲ್ಲಿ ಬಂದಿದೀರ."

ಒಳಗೆ ಹೋದಳು. ಅವರೆಕಾಳು ಬಾತ್. ಮಸಾಲೆ ಹಿಂದಿನ ರಾತ್ರಿಯೇ ರುಬ್ಬಿ ಇಟ್ಟಿದ್ದಳು ಅನ್ನುವುದು ನನಗೆ ಆಮೇಲೆ ಹೊಳೆಯಿತು. ಸೀಟಿ ಕೂಗಿ, ಆವಿ ಇಳಿದು, ಮುಚ್ಚಳ ತೆಗೆದಾಗ ಘಮ ಹಾಲ್‌ಗೆಲ್ಲ ಹರಡಿತು. ಪಂಚಾಯ್ತಿ ಮಾಡಲು ಬಂದ ದೊಡ್ಡಪ್ಪ ಕತ್ತು ಉದ್ದ ಮಾಡಿ ಅಡುಗೆಮನೆ ಕಡೆ ನೋಡಿದ. ಅಮ್ಮ ದೊಡ್ಡಪ್ಪನಿಗೆ ಬಡಿಸಿದಳು, ನನಗೆ ಮತ್ತು ತಮ್ಮನಿಗೆ ಬಡಿಸಿದಳು. ಅಜ್ಜಿ ಚೀಲದಿಂದ ಬಾಳೆಹಣ್ಣು ತೆಗೆದುಕೊಂಡಳು. ನಂತರ ಅಮ್ಮ ಇನ್ನೊಂದು ತಟ್ಟೆ ತಂದು, ತುಂಬ ಬಾತ್ ಹಾಕಿ, ತುಪ್ಪ ಬಿಟ್ಟು, ಅಪ್ಪನ ಮುಂದೆ ಇಟ್ಟಳು.

"ನಂಗೆ ಉಪ್ಪಿಟ್ಟು ಮಾಡಿಲ್ವಾ?" ಅಪ್ಪ ಕೇಳಿದ.

"ಯಾಕೆ? ಒಪ್ಪತ್ತಿಗೆ ತಿಂಡಿ ತಿನ್ಬೋದಲ್ವಾ. ಇದೂ ತಿಂಡಿನೇ ರೀ. ನೀವೇ ಅನ್ನೋದು ದಿನಾ."

ಅಪ್ಪ ತಟ್ಟೆ ನೋಡಿದ, ಅಣ್ಣನನ್ನು ನೋಡಿದ. ಅವನ ತಲೆಯೊಳಗೆ ನಡೆದದ್ದು ನನಗೆ ಎದುರಿಗೆ ಕೂತಲ್ಲೇ ಕಂಡಿತು. ಬೇಡ ಅಂದರೆ ಇದು ಊಟ ಎಂದು ಒಪ್ಪಿದಂತೆ, ವರ್ಷಗಟ್ಟಲೆ ಆಡಿದ ಮಾತೆಲ್ಲ ಮಣ್ಣುಪಾಲು. ತಿಂದರೆ ಹುಟ್ಟಿದಾಗಿನಿಂದ ಪಾಲಿಸಿದ ತಿಮ್ಮಪ್ಪನ ಒಪ್ಪತ್ತು ಕೆಡುತ್ತದೆ. ಇನ್ನೊಬ್ಬನಾಗಿದ್ದರೆ ನಕ್ಕು ಸೋತೆ ಅನ್ನುತ್ತಿದ್ದ. ನಮ್ಮಪ್ಪ ದೇವರನ್ನು ಬಿಟ್ಟ, ದೂರನ್ನು ಬಿಡಲಿಲ್ಲ. ಕೈ ಚಾಚಿ ತುತ್ತು ಕಲಸಿದ. ಹೆಂಡತಿ ತನಗೆ ಊಟ ಹಾಕುತ್ತಾಳೆ ಎಂದು ಒಪ್ಪುವುದಕ್ಕಿಂತ ತಿಮ್ಮಪ್ಪನಿಗೆ ತಪ್ಪುವುದೇ ಅವನಿಗೆ ಸಲೀಸಾಗಿ ಕಂಡಿತು. ಅವತ್ತು ಅವನ ಮೇಲೆ ನನಗೆ ಬಂದ ಅಸಹ್ಯ ಆಮೇಲೆ ಹೋಗಲೇ ಇಲ್ಲ.

ತುತ್ತು ಬಾಯಿಗೆ ಹೋಗಲು ಅಜ್ಜಿ ಬಿಡಲಿಲ್ಲ.

"ಲೋ ಲೋ ಲೋ! ಎತ್ಲಾ ಕೈಯ! ಶನಿವಾರ ಉಣ್ತೀಯೇನ್ಲಾ?"

"ತಿಂಡಿ ಕಣವ್ವಾ ಇದು."

"ಯಾವೋನ್ಲಾ ಹೇಳ್ದೋನು ತಿಂಡಿ ಅಂತ? ಅಕ್ಕಿ ಬೆಂದೈತೆ, ಅವರೆಕಾಳು ಬೆಂದೈತೆ, ಉಪ್ಪು ಬಿದ್ದೈತೆ. ಊಟ ಅಲ್ದೆ ಇನ್ನೇನ್ಲಾ ಅದು? ತಿಮ್ಮಪ್ಪನ ಕಣ್ಣಿಗೆ ಮಣ್ಣೆರಚ್ತೀಯಾ? ತೊಳ್ಕೋ ಹೋಗ್ ಕೈಯ!"

ಅಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು, ಸೌಟು ಕೈಯಲ್ಲೇ ಇತ್ತು.

"ಅತ್ತೆ, ಹಂಗಾದ್ರೆ ಇದು ಊಟನೇ ಅಂತೀರಾ?"

"ಊಟನೇ ಕಣಮ್ಮ, ಅನುಮಾನ ಬ್ಯಾರೆನಾ..." ಎನ್ನುತ್ತಿದ್ದ ಅಜ್ಜಿ ಮಗನ ಮುಖ ನೋಡಿ ಬಾಳೆಹಣ್ಣು ಕೆಳಗಿಟ್ಟಳು.

"ಭಾವ, ನೀವೂ ಕೇಳಿಸ್ಕೊಂಡ್ರಲ್ಲ. ಶನಿವಾರ ಊಟ ಆಗಿದ್ದು ಸೋಮವಾರ ತಿಂಡಿ ಆಗಲ್ಲ. ಮದುವೆ ಆದಾಗಿಂದ ಇವರಿಗೆ ದಿನಾ ಊಟ ಹಾಕ್ತಾ ಇದೀನಿ. ಒಂದೇ ಪಾತ್ರೇಲಿ ಹಾಕಿದೀನಿ, ಹೊಟ್ಟೆ ತುಂಬ ಹಾಕಿದೀನಿ. ನಾನು ಕೆಲಸ ಬಿಡಲ್ಲ, ಉಲ್ಲಾಳಕ್ಕೂ ಬರಲ್ಲ. ಏನೋ ಮಾತಾಡ್ಬೇಕು ಅಂತ ಬಂದ್ರಲ್ಲ, ಇನ್ ಹೇಳಿ."

ದೊಡ್ಡಪ್ಪನ ಬಾಯಿ ತುಂಬ ಬಾತ್ ಇತ್ತು. ಅಗಿದು ನುಂಗಿ, ನೀರು ಕುಡಿದು, ಅಪ್ಪನ ಮುಖ ನೋಡಿ ಫಕ್ಕನೆ ನಕ್ಕ.

"ಏನ್ಲಾ, ದಿನಾ ಎರಡೊತ್ತು ಉಂಡ್ಬುಟ್ಟು ಬಂದು ನನ್ ಮುಂದೆ ಅಳ್ತಿದ್ದ್ಯಾ? ಥೂ ನಿನ್ನ! ಇನ್ನೊಂಚೂರು ಹಾಕಮ್ಮ."

ನ್ಯಾಯ ಗೆದ್ದಿತು ಎಂದು ನಾನು ಬರೆಯುವುದಿಲ್ಲ, ಅಷ್ಟು ಮರ್ಯಾದೆ ಅವರಿಗೆ ಸಲ್ಲದು. ಅಮ್ಮ ಬೆಳಗಿನ ಜಾವ ಎದ್ದದ್ದಕ್ಕೆ, ಕಣ್ಣು ಉರಿಸಿಕೊಂಡು ದುಡಿದು ಬಾಡಿಗೆ ಕಟ್ಟಿದ್ದಕ್ಕೆ ಆ ಮೂವರಲ್ಲಿ ಒಬ್ಬರೂ ತಲೆಬಾಗಲಿಲ್ಲ. ತಿಮ್ಮಪ್ಪನ ಹೆಸರಿಗೆ ಬಾಗಿದರು, ಅವರೆಕಾಳಿಗೆ ಬಾಗಿದರು. ಹಿಂದಿನ ರೂಮಿನ ವಿಷಯವನ್ನು ಆಮೇಲೆ ಯಾರೂ ಎತ್ತಲಿಲ್ಲ. ದೊಡ್ಡಪ್ಪ ಕೈ ತೊಳೆದು, 'ಏಳವ್ವ, ಬಸ್ಸು ತಪ್ಪೋಯ್ತದೆ' ಎಂದು ಅಜ್ಜಿಯನ್ನು ಎಬ್ಬಿಸಿಕೊಂಡು ಹೊರಟ. ಅಜ್ಜಿ ಹೊಸ್ತಿಲು ದಾಟುವ ತನಕ ಮಗನಿಗೇ ಬೈಯುತ್ತಿದ್ದಳು.

ಅವರು ಹೋದ ಮೇಲೆ ಅಮ್ಮ ಅಪ್ಪನ ಮುಂದಿದ್ದ ತಟ್ಟೆಯನ್ನು ಎಳೆದುಕೊಂಡು, ಅವನು ಕಲಸಿದ ಭಾಗವನ್ನು ಪಕ್ಕಕ್ಕೆ ತಳ್ಳಿ, ನಮ್ಮ ಜೊತೆ ಚಕ್ಕಳಮಕ್ಕಳ ಹಾಕಿ ಕೂತು ತಿನ್ನತೊಡಗಿದಳು.

"ನನ್ ಉಪ್ಪಿಟ್ಟು?" ಅಂದ ಅಪ್ಪ.

"ನಂಗೆ ನಾಳೆ ಕಾರ್ಖಾನೇಲಿ ಓಟಿ ಇದೆ, ಬೇಗ ಮಲಗ್ಬೇಕು. ನೀವೇ ಮಾಡ್ಕೊಳಿ. ರವೆ ಹುರಿದು ಹಾಕಿ, ಇಲ್ದಿದ್ರೆ ಗಂಟಾಗುತ್ತೆ."

ಯಾರೂ ತಲೆ ಎತ್ತಲಿಲ್ಲ. ಕೊನೆಗೆ ಅಪ್ಪ ಅಡುಗೆಮನೆಗೆ ಹೋದ. ಬಾಣಲೆ ಸದ್ದಾಯಿತು, ಡಬ್ಬಗಳ ಮುಚ್ಚಳ ಒಂದೊಂದಾಗಿ ತೆಗೆದು ಹಾಕುವ ಸದ್ದಾಯಿತು. ಆಮೇಲೆ ಒಳಗಿನಿಂದ ದನಿ ಬಂತು.

"ಪುಟ್ಟೀ, ರವೆ ಡಬ್ಬ ಯಾವ್ದೇ?"

ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದೆ. ಅಮ್ಮ ತುತ್ತು ಎತ್ತುತ್ತಾ ನನ್ನ ಮುಖ ನೋಡಿದಳು.

"ಹೇಳ್ಬೇಡ ಕಣೇ. ಹುಡುಕ್ಲಿ."